ಟವೆಲ್ಲು ಕೂತ ಸೀಟು

ಟವೆಲ್ಲಿಗೆ ಕಾಲಿಲ್ಲ. ಆದರೂ ಅವತ್ತು ಬೆಳಿಗ್ಗೆ ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅದು ಕದಿರಮ್ಮನಿಗಿಂತ ಮೊದಲು ಬಸ್ಸು ಹತ್ತಿತು.

ಮುಳಬಾಗಿಲಿಗೆ ಹೋಗುವ ಬಸ್ಸು ಅದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಎಲ್ಲ ಸುತ್ತಿಕೊಂಡು ಹೊತ್ತು ಇಳಿಯುವಾಗ ಊರು ಮುಟ್ಟುತ್ತದೆ. ಇನ್ನೂ ಪೂರ್ತಿ ನಿಂತಿರಲಿಲ್ಲ. ಆಳುಮಗ ರಾಮಾಂಜಿನಪ್ಪ ಪಕ್ಕದಲ್ಲೇ ಓಡಿಬಂದು ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಟವೆಲ್ಲನ್ನು ಒಳಗೆ ಬೀಳಿಸಿದ. ಆಮೇಲೆ ಬಾಗಿಲಲ್ಲಿ ನೂಕಾಡಿಕೊಂಡು ತಾನೂ ಹತ್ತಿದ. ಇಬ್ಬರು ಕೂರುವ ಸೀಟಿನ ಉದ್ದಕ್ಕೂ ಅದನ್ನು ಹಾಸಿದ. ಸುಕ್ಕು ಬಿಡಿಸಿದ. ಊಟದೆಲೆ ಹಾಕುವವನ ನೇಮದಲ್ಲಿ ಅಂಚು ನೆಟ್ಟಗೆ ಮಾಡಿದ. ಇಳಿದುಹೋದ.

ಕದಿರಮ್ಮ ವಿದುರಾಶ್ವತ್ಥದ ಕಡೆಯ ಒಂದು ಹಳ್ಳಿಯ ಕಾಲೊನಿಯವಳು. ಬೆಳಕು ಹರಿಯುವ ಮೊದಲೇ ಹೊರಟು, ಆಟೋ ಹಿಡಿದು, ಬಸ್ಸು ಬರುವುದಕ್ಕೆ ಬಹಳ ಮುಂಚೆ ಬಂದು ಕಾದಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಂದ ಎರಡು ಕೋಳಿಗಳ ಕತ್ತು ಹೊರಗೆ ಬಂದಿತ್ತು. ಮುಳಬಾಗಿಲಿನಲ್ಲಿ ಮಗಳು ಬಾಣಂತಿ. ಕರಿಕೋಳಿ ಸಾರಿಗೆ. ಕೆಂಚುಕೋಳಿ ಮೊಟ್ಟೆ ಇಡುವ ಕಾಲ, ಅದು ಸಾಕಿಕೊಳ್ಳುವುದಕ್ಕೆ.

ಅಷ್ಟು ಬೇಗ ಬಂದದ್ದು ಸೀಟಿಗಾಗಿ. ಹೋದ ಬೇಸಿಗೆಯಲ್ಲಿ ಅವಳ ಜಾರಿದ್ದ ಗರ್ಭಕೋಶ ತೆಗೆದಿದ್ದರು. ಹೆಚ್ಚು ಹೊತ್ತು ನಿಂತರೆ ಕಿಬ್ಬೊಟ್ಟೆಯೊಳಗೆ ಯಾರೋ ಹಗ್ಗ ಕಟ್ಟಿ ಕೆಳಕ್ಕೆ ಜಗ್ಗಿದಂತಾಗುತ್ತಿತ್ತು. ಭಾರ ಎತ್ತಬೇಡ, ನಿಂತುಕೊಂಡಿರಬೇಡ, ಕೂತು ಮಾಡುವ ಕೆಲಸ ಏನಾದರೂ ಮಾಡು ಎಂದು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಊರಲ್ಲಿ ಕೂತು ಮಾಡುವ ಕೆಲಸ ಒಂದೇ ಇತ್ತು. ಅದನ್ನು ಹೊಲದ ಯಜಮಾನ ವೆಂಕಟರಾಮಪ್ಪ ಮಾಡುತ್ತಿದ್ದ.

ಕದಿರಮ್ಮ ಹತ್ತುವ ಹೊತ್ತಿಗೆ ಬಸ್ಸು ತುಂಬಿತ್ತು. ಖಾಲಿ ಉಳಿದದ್ದು ಆ ಒಂದು ಸೀಟು. ಅದರ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ ‘ಮಹಿಳೆಯರಿಗೆ’ ಎಂದು ಬರೆದಿತ್ತು. ಅಕ್ಷರದ ಕೆಳಗೆ ಟವೆಲ್ಲು ಕೂತಿತ್ತು.

ಬೇರೆ ಯಾರ ಟವೆಲ್ಲಾದರೂ ಆಗಿದ್ದರೆ ಅವಳು ಮಡಚಿ ಪಕ್ಕಕ್ಕಿಟ್ಟು ಕೂರುತ್ತಿದ್ದಳು. ಇದು ಕೆಂಪು ಅಂಚಿನ ಬಿಳಿ ಟವೆಲ್ಲು. ಮೂಲೆಯಲ್ಲಿ ನೀಲಿ ದಾರದಲ್ಲಿ ‘ವೆಂ’ ಎಂದು ಹೊಲಿದಿತ್ತು. ಅವಳಿಗೆ ಓದು ಬಾರದು. ಆದರೆ ಆ ನೀಲಿ ಹೊಲಿಗೆ ಅವಳಿಗೆ ತನ್ನ ಅಂಗೈಯ ಗೆರೆಯಷ್ಟೇ ಗೊತ್ತಿತ್ತು.

ವೆಂಕಟರಾಮಪ್ಪನ ಹೊಲದ ಬದುವಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಬೆಳಿಗ್ಗೆ ಅವನು ಬಂದು ಆ ಕಲ್ಲಿನ ಮೇಲೆ ಟವೆಲ್ಲು ಹಾಸಿ, ಕದಿರಮ್ಮನೂ ಸೇರಿ ಕೂಲಿ ಹೆಂಗಸರನ್ನೆಲ್ಲ ಒಂದು ಸಲ ದಿಟ್ಟಿಸಿ, ಸ್ಕೂಟರು ಹತ್ತಿ ಕಾಫಿಗೆ ಹೋಗಿಬಿಡುತ್ತಾನೆ. ಟವೆಲ್ಲು ಉಳಿಯುತ್ತದೆ. ಟವೆಲ್ಲು ಕಲ್ಲಿನ ಮೇಲಿದ್ದರೆ ಯಜಮಾನರು ಹೊಲದಲ್ಲಿದ್ದ ಹಾಗೆ. ಅದರ ಮುಂದೆ ಯಾರೂ ಸೊಂಟ ನೆಟ್ಟಗೆ ಮಾಡುವುದಿಲ್ಲ. ಜೋಳದ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತ ಹೋಗುತ್ತಾರೆ. ಬಾಯಾರಿದರೆ ಒಬ್ಬಳು ಟವೆಲ್ಲಿನ ಕಡೆ ತಿರುಗಿ, “ಯಜಮಾನ್ರೇ, ನೀರು ಕುಡಿದು ಬರ್ತೀನಿ” ಎನ್ನುತ್ತಾಳೆ. ಮೊದಮೊದಲು ತಮಾಷೆಗೆ ಅನ್ನುತ್ತಿದ್ದರು. ಆಮೇಲಾಮೇಲೆ ಯಾರೂ ನಗುತ್ತಿರಲಿಲ್ಲ.

ಒಂದು ಸಲ ಗಾಳಿ ಎದ್ದು ಟವೆಲ್ಲು ಹಾರಿ ಕಾಲುವೆಗೆ ಬಿತ್ತು. ಯಾರೂ ಎತ್ತಲಿಲ್ಲ. ಮುಟ್ಟಿದರೆ ಅದೊಂದು ತಪ್ಪು, ಮುಟ್ಟದಿದ್ದರೆ ಇನ್ನೊಂದು. ಕಡೆಗೆ ಅಮ್ಮಾಜಮ್ಮ ಎಂಬವಳು ಜೋಳದ ದಂಟಿನ ತುದಿಯಿಂದ ಅದನ್ನು ಎತ್ತಿ ಕಲ್ಲಿನ ಮೇಲೆ ಹಾಕಿದಳು. ಒದ್ದೆ ಟವೆಲ್ಲು ಒಣಗುವವರೆಗೂ ಎಲ್ಲರೂ ಅದರ ಮುಂದೆ ಬಗ್ಗಿಕೊಂಡೇ ದುಡಿದರು.

ಆ ಟವೆಲ್ಲು ಈಗ ಬಸ್ಸಿನಲ್ಲಿ ಕೂತಿತ್ತು.

ಕಿಟಕಿಯ ಕೆಳಗಿನಿಂದ ರಾಮಾಂಜಿನಪ್ಪ ಕೂಗಿದ. “ಕದಿರಕ್ಕಾ, ಅದು ಯಜಮಾನ್ರುದು. ಚಿಕ್ಕಬಳ್ಳಾಪುರ್ದಾಗೆ ಹತ್ತುತಾರೆ. ಅಲ್ಲಿ ರಿಜಿಸ್ಟ್ರಾಫೀಸಿನ ಕೆಲ್ಸ ಮುಗಿಸ್ಕಂಡು ಮುಳಬಾಗ್ಲಿಗೆ ನಂಟ್ರ ಮನೇಗೆ ಹೋಗ್ತಾರೆ. ಕೂತ್ಕಬ್ಯಾಡ.”

“ಅಲ್ಲಿಗಂಟ ಕೂತಿರ್ತೀನಪ್ಪ. ಅವರು ಬಂದ್ರೆ ಏಳ್ತೀನಿ.”

“ಬ್ಯಾಡಕ್ಕ. ಯಾರೂ ಕೂರಬಾರ್ದು ಅಂದವ್ರೆ. ಯಾರಾನ ನೋಡಿ ಹೇಳಿದ್ರೆ ನನ್ನ ಹೊಟ್ಟೆಗೆ ಕಲ್ಲು. ನಿನಗೆ ಕೈ ಮುಗೀತೀನಿ.”

ಅವನು ನಿಜವಾಗಿಯೂ ಕೈ ಮುಗಿದ. ಅವಳಿಗೋ ಟವೆಲ್ಲಿಗೋ ತಿಳಿಯಲಿಲ್ಲ. ಬಸ್ಸು ಹೊರಟಿತು. ಕದಿರಮ್ಮ ಖಾಲಿ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಳು.

ಎದುರು ಸಾಲಿನಲ್ಲಿ ದಕ್ಷಿಣಾಮೂರ್ತಿ ಮೇಷ್ಟರು ಕೂತಿದ್ದರು. ಹೈಸ್ಕೂಲಿನಿಂದ ನಿವೃತ್ತರಾದವರು. ಪ್ರಯಾಣ ಅಂದರೆ ಅವರಿಗೆ ಒಂದು ಶಾಸ್ತ್ರ. ಹತ್ತಿದ ಕೂಡಲೇ ಬಸ್ಸಿನ ನಂಬರನ್ನು ಕೈಯ ಮೇಲೆ ಬರೆದುಕೊಂಡಿದ್ದರು. ಪಕ್ಕದಲ್ಲಿ ಕೂತ ಹುಡುಗನಿಗೆ ಆಗಲೇ ಪಾಠ ಶುರುವಾಗಿತ್ತು.

“ದೂರ ಪ್ರಯಾಣದಲ್ಲಿ ಚಕ್ರದ ಮೇಲಿನ ಸೀಟು ಹಿಡೀಬಾರದಪ್ಪ, ಬೆನ್ನು ಹೋಗುತ್ತೆ. ಹೊಟ್ಟೆ ತುಂಬ ತಿಂದು ಹತ್ತಬಾರದು. ಒಂದು ನಿಂಬೆಹಣ್ಣು ಜೇಬಲ್ಲಿರಬೇಕು. ಟಿಕೆಟ್ಟು ಇಳಿಯೋತನಕ ಕೈಯಲ್ಲಿರಬೇಕು. ಟಿಕೆಟ್ ಇದ್ದೋನೇ ಪ್ರಯಾಣಿಕ. ಅವನಿಗೆ ಹಕ್ಕಿದೆ. ಫಸ್ಟ್ ಏಡ್ ಪೆಟ್ಟಿಗೆ ಕೇಳೋ ಹಕ್ಕಿದೆ. ಬಸ್ಸು ಕೆಟ್ಟರೆ ಇನ್ನೊಂದು ಬಸ್ಸು ಕೇಳೋ ಹಕ್ಕಿದೆ. ನಮ್ಮ ಜನಕ್ಕೆ ತಿಳುವಳಿಕೆ ಸಾಲದು, ಅದಕ್ಕೇ ಅನುಭವಿಸ್ತಾರೆ.”

ಹುಡುಗ ಕಿವಿಗೆ ಇಯರ್‌ಫೋನು ತುರುಕಿಕೊಂಡ. ಮೇಷ್ಟರು ಕೇಳುವವರಿಗಾಗಿ ಸುತ್ತ ನೋಡಿದರು. ಕದಿರಮ್ಮ ಸಿಕ್ಕಳು.

“ಏನಮ್ಮ, ನಿಂತಿದ್ದೀಯಲ್ಲ.”

“ಸೀಟಿಲ್ಲ ಸ್ವಾಮಿ.”

ಮೇಷ್ಟರು ಟವೆಲ್ಲು ನೋಡಿದರು. ಮೇಲಿನ ‘ಮಹಿಳೆಯರಿಗೆ’ ಓದಿದರು. ಮತ್ತೆ ಟವೆಲ್ಲು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಯಾರೋ ಹಿರಿಯರು ಹಾಕಿರಬೇಕು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ. ನಿಂತರೆ ರಕ್ತ ಚೆನ್ನಾಗಿ ಓಡಾಡುತ್ತೆ.”

ಅವರ ಹಿಂದಿನ ಸೀಟಿನಿಂದ ಒಂದು ನಗು ಕೇಳಿತು. ಶೋಭಾರಾಣಿ ಎಂಬ ದಪ್ಪ ಹೆಂಗಸು, ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುತ್ತ ಕೂತಿದ್ದಳು. ಚಿಂತಾಮಣಿಯ ಸಂತೆಗೆ ಹೂವು ಒಯ್ಯುವವಳು.

“ಹೆಂಗಸ್ರ ಸೀಟಲ್ಲಿ ಕೂತೈತಲ್ಲ ಮೇಷ್ಟ್ರೇ, ಆ ಟವೆಲ್ಲು ಹೆಂಗಸೋ ಗಂಡಸೋ ಸೊಲ್ಪ ನೋಡಿ ಹೇಳಿ” ಎಂದಳು.

ಮಂಚೇನಹಳ್ಳಿ ದಾಟುವಾಗ ಕಂಡಕ್ಟರು ಬಂದ. ಹೆಸರು ಚಲಪತಿ. ತೆಳ್ಳಗೆ ಉದ್ದಕ್ಕಿದ್ದ. ಮುಖದಲ್ಲಿ ಯಾವಾಗಲೂ ಯಾರೋ ಬೈದ ಹಾಗೆ ಒಂದು ಬೇಜಾರು. ಕದಿರಮ್ಮ ಆಧಾರ್ ಕಾರ್ಡು ತೋರಿಸಿದಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದ ಮೇಲೆ ಕಂಡಕ್ಟರುಗಳು ಆ ಕಾರ್ಡನ್ನು ನೋಡುವ ಬಗೆಯೇ ಬೇರೆ. ಚಲಪತಿ ಹಾಗೇ ನೋಡಿದ. ಮಿಷನ್ನು ಗಿರ್ರೆಂದಿತು. ಸೊನ್ನೆಯ ಟಿಕೆಟ್ಟು ಬಂತು.

“ಚೀಲದಾಗೇನು?”

“ಕೋಳಿ.”

“ಎಷ್ಟು?”

“ಕಾಣ್ತಾವಲ್ಲಪ್ಪ, ಎರಡು.”

“ಕೋಳಿಗೆ ಹಾಫ್ ಟಿಕೆಟ್ಟು ಕಣಮ್ಮ.”

“ಅಯ್ಯೋ ದೇವುಡಾ! ಅವೇನು ಶಾಲೆಗೋಗ್ತಾವಾ?”

“ರೂಲ್ಸಮ್ಮ. ಉಸಿರಾಡೋದಕ್ಕೆಲ್ಲ ಟಿಕೆಟ್ಟು. ಚೆಕಿಂಗ್‌ನೋರು ಹತ್ತಿದ್ರೆ ನಿನ್ನ ಕೋಳಿಗೇನೂ ಆಗಲ್ಲ, ನನಗೆ ಮೆಮೋ ಕೊಡ್ತಾರೆ.”

ಮಿಷನ್ನಿನಲ್ಲಿ ಕೋಳಿಗೆ ಗುಂಡಿ ಇರಲಿಲ್ಲ. ಚಲಪತಿ ಅಲ್ಲಿಲ್ಲಿ ಒತ್ತಿ ನೋಡಿ ಕಡೆಗೆ ‘ಮಕ್ಕಳು’ ಎಂಬುದನ್ನು ಒತ್ತಿದ. ಕದಿರಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ಟಿಕೆಟ್ಟನ್ನು ಮೇಷ್ಟರ ಕೈಗೆ ಕೊಟ್ಟು, “ಏನು ಬರ್ದವ್ರೆ ಓದಿ ಸ್ವಾಮಿ” ಎಂದಳು.

ಮೇಷ್ಟರು ಓದಿದರು. “ಗೌರಿಬಿದನೂರಿಂದ ಮುಳಬಾಗಿಲು. ಮಕ್ಕಳು, ಎರಡು.”

“ಯಾರು ಮಕ್ಕಳು?”

“ಕೋಳಿಗಳೇ ಅಂತ ಕಾಣುತ್ತಮ್ಮ.”

“ಟಿಕೆಟ್ ಇದ್ದೋರೇ ಪ್ರಯಾಣಿಕರು ಅಂದ್ರಲ್ಲ ಆಗ.”

ಮೇಷ್ಟರು ಸ್ವಲ್ಪ ಯೋಚಿಸಿದರು. ತಾವೇ ಹೇಳಿದ ಮಾತು. “ಹೌದು. ತಾತ್ವಿಕವಾಗಿ ಹೌದು.”

“ಎರಡು ಅರ್ಧ ಸೇರಿ ಒಂದು ಆಗೋಯ್ತಲ್ಲ! ಕೂರಿಸ್ರಿ ಆ ಮಕ್ಕಳ್ನ” ಎಂದಳು ಶೋಭಾರಾಣಿ. ಬಸ್ಸು ನಕ್ಕಿತು.

ಕದಿರಮ್ಮ ನಗಲಿಲ್ಲ. ಅವಳ ಮನಸ್ಸಿನಲ್ಲಿ ಬಂಡಾಯ ಗಿಂಡಾಯ ಏನೂ ಇರಲಿಲ್ಲ. ಚೀಲ ಹಿಡಿದ ಕೈ ಮರಗಟ್ಟಿತ್ತು. ಹೊಟ್ಟೆಯೊಳಗಿನ ಹಗ್ಗ ಜಗ್ಗುತ್ತಿತ್ತು. ಭಾರ ಎತ್ತಬೇಡ ಎಂದಿದ್ದಳು ಡಾಕ್ಟರಮ್ಮ. ಚೀಲವನ್ನು ನಿಧಾನವಾಗಿ ಸೀಟಿನ ಮೇಲೆ, ಟವೆಲ್ಲಿನ ಮೇಲೆ ಇಟ್ಟಳು. ಕೋಳಿಗಳು ಕತ್ತು ಹೊರಳಿಸಿ ಕಿಟಕಿಯಾಚೆ ನೋಡಿದವು.

ಏನೂ ಆಗಲಿಲ್ಲ. ಬಸ್ಸು ಉರುಳಲಿಲ್ಲ. ಟವೆಲ್ಲು ಬೈಯಲಿಲ್ಲ.

ಚಲಪತಿ ಹಿಂದಿನಿಂದ ನೋಡಿ ಓಡಿಬಂದ. “ಏಯ್, ಏನಮ್ಮ ಇದು! ಕೋಳಿ ಸೀಟ್ ಮೇಲೆ ಇಡಬಾರ್ದು, ಕೆಳಗಿಡು.”

“ಮಕ್ಕಳು ಅಂತ ನೀನೇ ಬರ್ದುಕೊಟ್ಟೆ. ಮಕ್ಕಳ್ನ ಕಾಲಡಿ ಹಾಕ್ತಾರೇನಪ್ಪ?”

“ಅದು ಮಿಷನ್ನು ಬರ್ದಿರೋದು.”

“ಮಿಷನ್ನಿಗಿರೋ ಬುದ್ಧಿ ನಿನಗಿಲ್ಲ ಬಿಡು” ಎಂದಳು ಶೋಭಾರಾಣಿ.

ಚಲಪತಿಗೆ ಬೆವರಿತು. ಕೋಳಿ ಸಾಮಾನು ಎಂದರೆ ಟಿಕೆಟ್ಟು ತಪ್ಪು. ಮಕ್ಕಳು ಎಂದರೆ ಎಬ್ಬಿಸುವುದು ತಪ್ಪು. ಎರಡೂ ತಪ್ಪು ಅವನ ತಲೆಗೇ. “ಚಿಕ್ಕಬಳ್ಳಾಪುರದಾಗೆ ಟವೆಲ್ನೋರು ಬರ್ತಾರೆ. ಅವರ ಹತ್ರ ನೀನೇ ಮಾತಾಡ್ಕೊ” ಎಂದು ಮುಂದೆ ಹೋಗಿ ಡ್ರೈವರನ ಬೆನ್ನ ಹಿಂದೆ ನಿಂತುಕೊಂಡ.

ರಸ್ತೆ ಬೆಟ್ಟದ ತಿರುವುಗಳಿಗೆ ಬಿತ್ತು. ಒಂದೊಂದು ತಿರುವಿಗೂ ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಂದು ತಿರುವಿನಲ್ಲಿ ಯಾರದೋ ಮೊಣಕೈ ಕದಿರಮ್ಮನ ಹೊಲಿಗೆಯ ಜಾಗಕ್ಕೆ ಸರಿಯಾಗಿ ಬಡಿಯಿತು. ಕಣ್ಣು ಕತ್ತಲಾಯಿತು. ಬಾಯಿ ಒಣಗಿತು. ಚೀಲ ವಾಲಿತು, ಕೋಳಿಗಳು ಕಿರುಚಿದವು.

“ಚಿಕ್ಕ ಮಕ್ಕಳನ್ನ ಕಿಟಕಿ ಪಕ್ಕ ಒಂಟಿಯಾಗಿ ಬಿಡಬಾರದು. ಜೊತೆಗೆ ದೊಡ್ಡವರು ಒಬ್ಬರು ಕೂರಬೇಕು” ಎಂದರು ಮೇಷ್ಟರು. ಅಭ್ಯಾಸಬಲ. ಅವರು ಯಾರಿಗೂ ಹೇಳಿದ್ದಲ್ಲ.

ಕದಿರಮ್ಮ ಕೂತಳು.

ಮೊದಲು ಅಂಚಿನಲ್ಲಿ. ಇಷ್ಟು ವರ್ಷ ಆ ಟವೆಲ್ಲಿನ ಮುಂದೆ ಬಗ್ಗಿದ್ದ ಸೊಂಟ ಈಗ ಅದರ ಮೇಲಿತ್ತು. ತೊಡೆಯ ಕೆಳಗೆ ಬಟ್ಟೆ ತೆಳ್ಳಗಿತ್ತು. ಎಲ್ಲ ಟವೆಲ್ಲಿನ ಹಾಗೇ ಇತ್ತು. ಅಷ್ಟೇನಾ ಅನ್ನಿಸಿತು ಅವಳಿಗೆ. ಇಷ್ಟೇ ತೆಳ್ಳಗಿತ್ತಾ ಇದು.

ಚಿಕ್ಕಬಳ್ಳಾಪುರದಲ್ಲಿ ವೆಂಕಟರಾಮಪ್ಪ ಹತ್ತಿದ. ಬಿಳಿ ಪಂಚೆ, ಬಿಳಿ ಅಂಗಿ, ಕಂಕುಳಲ್ಲಿ ಕಾಗದಪತ್ರಗಳ ಚೀಲ. ಬಸ್ಸು ಎಷ್ಟೇ ತುಂಬಿರಲಿ, ಅವನು ಆತುರ ಪಡಲಿಲ್ಲ. ಜಾಗ ಕಾದಿರುತ್ತದೆ ಎಂಬ ನಂಬಿಕೆಯಿಂದ ನಿಧಾನವಾಗಿ ಜನರ ನಡುವೆ ಬಂದ. ಬಂದು ನಿಂತ. ನೋಡಿದ.

ಅವನ ಟವೆಲ್ಲಿನ ಮೇಲೆ ಎರಡು ಕೋಳಿ ಮತ್ತು ಕದಿರಮ್ಮ.

ಅವನಿಗೆ ಕೋಪ ತಕ್ಷಣ ಬರಲಿಲ್ಲ. ಅರ್ಥವಾಗಲಿಲ್ಲ. ಎಮ್ಮೆ ಮರ ಹತ್ತಿದ್ದನ್ನು ಕಂಡವನ ಹಾಗೆ ನಿಂತ.

“ಏ ಕದಿರಿ.”

“ಯಜಮಾನ್ರೇ.”

“ಇಲ್ಲಿ ಟವೆಲ್ಲು ಹಾಕಿತ್ತು.”

“ಹೂಂ. ಐತೆ.”

“ಯಾರ್ದು ಅಂತ ಗೊತ್ತಾಗಲಿಲ್ವಾ?”

“ಗೊತ್ತಾಯ್ತು.”

ಅವನಿಗೆ ಈಗ ಕೋಪ ಬಂತು. ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು. “ಲೇ ಪೈಕಿ!” ಎಂದು ಅಬ್ಬರಿಸಿದ. ಮೇಲೇಳು ಎಂದು. ಹೊಲದಲ್ಲಿ ಆ ದನಿಗೆ ಹನ್ನೆರಡು ಹೆಂಗಸರು ಒಟ್ಟಿಗೆ ತಿರುಗುತ್ತಿದ್ದರು.

ಕದಿರಮ್ಮನ ಕಾಲು ತಾನಾಗಿಯೇ ನೆಲ ಊರಿತು. ಏಳುವುದಕ್ಕೆ ಮೈ ಮುಂದೆ ಬಾಗಿತು. ಮೈಗೆ ಅದೇ ರೂಢಿ. ಹೊಟ್ಟೆಯ ಹೊಲಿಗೆ ಚುಳುಕ್ ಎಂದಿತು. ಅವಳು ಹಾಗೇ ನಿಂತುಕೊಳ್ಳದೆ ಕೂರದೆ ಒಂದು ಗಳಿಗೆ ಉಳಿದಳು. ಆಮೇಲೆ ಹಿಂದಕ್ಕೆ ಒರಗಿದಳು.

“ಏಳಲ್ಲ.”

ಶೋಭಾರಾಣಿಯ ಕೈಯಲ್ಲಿ ದಾರ ನಿಂತಿತು.

“ಏನಂದೆ?”

“ಏಳಲ್ಲ ಅಂದೆ. ನಿಂತ್ರೆ ಹೊಟ್ಟೆ ಕಿತ್ಕಂಡು ಬರ್ತೈತೆ. ಕೊಯ್ಸಿಕೊಂಡಿರೋ ಮೈ. ನಿಮ್ಮ ಹೊಲದಾಗೆ ಬಗ್ಗಿ ಬಗ್ಗಿ ಜಾರಿದ್ದು ಅದು. ಬಸ್ಸಲ್ಲಾನ ಕೂತ್ಕತೀನಿ.”

“ನಾಳೆ ಹೊಲದ ಕಡೆ ತಲೆ ಹಾಕಿ ನೋಡು. ಕಾಲಿಡೋಕೆ ಬಿಟ್ರೆ ಕೇಳು.”

“ಗೊತ್ತು.”

“ಆ ರಾಮಾಂಜಿನಿಗೂ ಇವತ್ತೇ ಕಡೆ.”

ಕದಿರಮ್ಮನಿಗೆ ಆ ಮಾತು ನಾಟಿತು. ಕೈ ಮುಗಿದವನ ಮುಖ ಕಣ್ಣ ಮುಂದೆ ಬಂತು. “ಅವನು ನೆಟ್ಟಗೇ ಹಾಸಿದ್ದ. ಕೂತೋಳು ನಾನು. ಅವನಿಗ್ಯಾಕೆ?” ಎಂದಳು. ಏಳಲಿಲ್ಲ.

ವೆಂಕಟರಾಮಪ್ಪ ಚಲಪತಿಯನ್ನು ಕರೆದ. “ಏನಯ್ಯ ಕಂಡಕ್ಟ್ರು, ಎಬ್ಬಿಸು ಇವಳ್ನ.”

“ಸಾರ್, ಆಯಮ್ಮಂಗೆ ಟಿಕೆಟೈತೆ. ಕೋಳಿಗೂ ಐತೆ.”

“ಮತ್ತೆ ನನ್ನ ಟವೆಲ್ಲು?”

“ಟವೆಲ್ಲಿಗೆ ಟಿಕೆಟ್ ತಗೊಂಡಿಲ್ಲ ಸಾರ್.”

“ಈಗ ಕೊಡು. ಗೌರಿಬಿದನೂರಿಂದ ಕೊಡು. ಅದು ಅಲ್ಲಿಂದ ಬಂದಿರೋದು.”

ಚಲಪತಿ ಮಿಷನ್ನು ಎತ್ತಿದವನು ಹಾಗೇ ನಿಂತ. “ಅದ್ಹೆಂಗ್ ಸಾರ್? ಅಲ್ಲಿಂದ ಕೊಟ್ರೆ ಇಲ್ಲಿವರ್ಗೂ ಟಿಕೆಟ್ಟಿಲ್ದೆ ಬಂದೈತೆ ಅಂತಾಗುತ್ತೆ. ಅದ್ಕೂ ನನಗೇ ಮೆಮೋ. ಮತ್ತೆ, ದೊಡ್ಡೋರು ಅಂತ ಒತ್ಲಾ, ಮಕ್ಕಳು ಅಂತ ಒತ್ಲಾ?”

ಮೇಷ್ಟರಿಗೆ ತಡೆಯಲಾಗಲಿಲ್ಲ. “ಟವೆಲ್ಲು ಉಸಿರಾಡೋದಿಲ್ಲ. ಆದ್ದರಿಂದ ಅದು ಲಗೇಜು.”

“ನೀವು ಸುಮ್ನಿರ್ರೀ” ಎಂದ ವೆಂಕಟರಾಮಪ್ಪ. ಬಗ್ಗಿ ಟವೆಲ್ಲಿನ ಒಂದು ಮೂಲೆ ಹಿಡಿದ. ನೀಲಿ ಹೊಲಿಗೆಯ ಮೂಲೆ. ಎಳೆಯಬೇಕೆಂದರೆ ಕದಿರಮ್ಮನ ತೊಡೆಯ ಕೆಳಗಿನಿಂದ ಎಳೆಯಬೇಕು. ಎಳೆದರೆ ಅವಳು ವಾಲುತ್ತಾಳೆ, ವಾಲಿದರೆ ಅವನ ಕೈಗೆ ತಗಲುತ್ತಾಳೆ. ಅವನ ಬೆರಳುಗಳು ಆ ಮೂಲೆಯನ್ನು ಹಿಡಿದುಕೊಂಡೇ ಇದ್ದವು. ಆಮೇಲೆ ಬಿಟ್ಟವು.

“ನೀನು ಎಳಿಯೋ” ಎಂದ ಚಲಪತಿಗೆ.

“ಹೆಂಗಸು ಸಾರ್. ಮೈಮೇಲೆ ಕೈ ಹಾಕಂಗಿಲ್ಲ. ಅಲ್ನೋಡಿ, ಆಗ್ಲೇ ಮೊಬೈಲ್ ಎತ್ತವ್ರೆ.”

ಇಯರ್‌ಫೋನಿನ ಹುಡುಗ ಎದ್ದು ಫೋನು ಹಿಡಿದಿದ್ದ. ಅವನು ಎದ್ದದ್ದರಿಂದ ಅವನ ಸೀಟು ಖಾಲಿಯಾಗಿತ್ತು. “ಅಂಕಲ್, ನೀವು ಬೇಕಾದ್ರೆ ಇಲ್ಲಿ ಕೂತ್ಕೊಳ್ಳಿ” ಎಂದ.

“ನನ್ನ ಟವೆಲ್ಲು ಇಲ್ಲೈತೆ” ಎಂದ ವೆಂಕಟರಾಮಪ್ಪ. “ನಾನು ಎಲ್ಲೋ ಕೂತ್ಕೊಳ್ಳೋನಲ್ಲ.”

ಹಿಂದಿನಿಂದ ಇನ್ನೊಬ್ಬರು ಜಾಗ ಬಿಡುತ್ತೇನೆಂದರು. ಅವನು ಬೇಡವೆಂದ. ಬೇರೆ ಕಡೆ ಕೂತರೆ ಸೋತ ಹಾಗೆ. ನಿಂತರೆ ಇನ್ನೂ ವ್ಯಾಜ್ಯ ಉಳಿದಿರುತ್ತದೆ. ತನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಒಂದು ಗಂಟೆಯ ಹಿಂದೆ ಕದಿರಮ್ಮ ಹಿಡಿದಿದ್ದ ಕಂಬಿಯೇ ಅದು. ಅವನಿಗೆ ಗೊತ್ತಿರಲಿಲ್ಲ.

ಬಸ್ಸು ಹೊರಟಿತು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ಜನ ಹತ್ತಿದರು. ಬಸ್ಸಿನೊಳಗೆ ಹುಳುವಿನ ನಾತ ತುಂಬಿತು. ಹೊಸಬರು ಒಬ್ಬೊಬ್ಬರಾಗಿ ಆ ಸೀಟಿನವರೆಗೆ ಬಂದು, ಕೋಳಿ ಕೂತಿರುವುದನ್ನೂ ಬಿಳಿ ಪಂಚೆಯವನು ನಿಂತಿರುವುದನ್ನೂ ನೋಡಿ, ಏನೋ ದೊಡ್ಡ ವಿಷಯವಿರಬೇಕೆಂದು ಹಿಂದೆ ಸರಿಯುತ್ತಿದ್ದರು.

ಊರು ದಾಟಿ ಸ್ವಲ್ಪ ಹೊತ್ತಿಗೆ ಕೆಂಚುಕೋಳಿ ಚಡಪಡಿಸಿತು. ಚೀಲದೊಳಗೇ ಎದ್ದಿತು, ಕೂತಿತು, ಕೆದಕಿತು. ಕದಿರಮ್ಮ ಚೀಲದ ಬಾಯಿ ಸಡಿಲಿಸಿದಳು. ಕೋಳಿ ಅರ್ಧ ಹೊರಬಂದು ಟವೆಲ್ಲಿನ ಮೇಲೆ ಮೈ ಉಬ್ಬಿಸಿ ಕೂತು ಕಣ್ಣು ಅರ್ಧ ಮುಚ್ಚಿತು. ಆಮೇಲೆ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿತು.

ಟವೆಲ್ಲಿನ ಮೇಲೆ ಮೊಟ್ಟೆ. ಕೆಂಪು ಅಂಚಿನ ಪಕ್ಕದಲ್ಲೇ, ಬಿಸಿಬಿಸಿ.

ಕದಿರಮ್ಮ ಅದನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಇಷ್ಟು ಹೊತ್ತೂ ಬಿಗಿದಿದ್ದ ಮುಖ ಒಂಚೂರು ಸಡಿಲವಾಯಿತು. “ಕಂಡಕ್ಟ್ರೇ” ಎಂದು ಕೂಗಿದಳು, “ಇದಕ್ಕೂ ಟಿಕೆಟ್ ತಗಬೇಕಾ?”

ಡ್ರೈವರನೂ ನಕ್ಕ. ಚಲಪತಿಯೂ ನಕ್ಕ. ಅವನ ಮುಖಕ್ಕೆ ನಗು ಬರುತ್ತದೆಂದು ಡ್ರೈವರನಿಗೂ ಗೊತ್ತಿರಲಿಲ್ಲವಂತೆ. “ಉಸಿರಾಡಿದ ಮೇಲೆ ನೋಡಣ ಬಿಡಮ್ಮ” ಎಂದ.

“ದೂರ ಪ್ರಯಾಣದಲ್ಲಿ ಮೊಟ್ಟೆ ಇಟ್ಕೊಳ್ಳಬಾರದು. ಒಡೆಯುತ್ತೆ” ಎಂದರು ಮೇಷ್ಟರು.

ವೆಂಕಟರಾಮಪ್ಪ ನಗಲಿಲ್ಲ. ಅವನು ಕದಿರಮ್ಮನನ್ನು ನೋಡುತ್ತಿರಲಿಲ್ಲ, ಕೋಳಿಯನ್ನೂ ನೋಡುತ್ತಿರಲಿಲ್ಲ. ಟವೆಲ್ಲನ್ನೇ ನೋಡುತ್ತಿದ್ದ. ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದ. ನಿಂತು ಅಭ್ಯಾಸವಿಲ್ಲದ ಕಾಲು.

ಚಿಂತಾಮಣಿ ಹತ್ತಿರವಾಗುತ್ತಿದ್ದಂತೆ ಕದಿರಮ್ಮನಿಗೆ ಬೇರೆ ಸಂಕಟ ಶುರುವಾಯಿತು. ಆಪರೇಷನ್ ಆದ ಮೇಲೆ ಮೂತ್ರ ತಡೆಯುವುದು ಅವಳ ಕೈಯಲ್ಲಿರಲಿಲ್ಲ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ, ಆದರೂ ಬಂತು. ಹಲ್ಲು ಕಚ್ಚಿದಳು. ಕಾಲು ಜೋಡಿಸಿ ಹಿಡಿದಳು. ಪ್ರತಿ ಗುಂಡಿಗೂ ಬೆನ್ನಿನಲ್ಲಿ ಬೆವರು ಇಳಿಯಿತು. ಚಿಂತಾಮಣಿಯಲ್ಲಿ ಬಸ್ಸು ನಿಲ್ಲುತ್ತದೆ. ಇಳಿದರೆ ಸೀಟು ಹೋಗುತ್ತದೆ. ತಲೆಯ ಮೇಲೆ ಅವನು ಕಾದು ನಿಂತಿದ್ದಾನೆ. ಇಳಿಯದಿದ್ದರೆ ಕೂತಲ್ಲೇ ಮಾನ ಹೋಗುತ್ತದೆ. ಅವನಿಗೆ ಬೇಕಾದದ್ದು ಎರಡರಲ್ಲಿ ಯಾವುದಾದರೂ ಸರಿಯೆ.

ಗಂಡಸಾದರೆ ಟವೆಲ್ಲು ಹಾಕಿ ಹೋಗುತ್ತಿದ್ದ. ಅವಳ ಹತ್ತಿರ ಟವೆಲ್ಲು ಇರಲಿಲ್ಲ. ಕೋಳಿ ಇತ್ತು.

ಬಸ್ಸು ನಿಂತಿತು. ಚಲಪತಿ “ಟೀ, ಕಾಫಿ, ಬೇಗ ಬೇಗ” ಎಂದು ಕೂಗಿದ. ಶೋಭಾರಾಣಿ ಬುಟ್ಟಿ ಹೊತ್ತು ಇಳಿಯುವವಳು ಕದಿರಮ್ಮನ ಪಕ್ಕ ನಿಂತು ಒಂದು ಮೊಳ ಮಲ್ಲಿಗೆ ಕಿತ್ತು ಅವಳ ಮಡಿಲಿಗೆ ಹಾಕಿದಳು. “ಇಟ್ಕಳೇ ಅಕ್ಕ. ಏಳಬ್ಯಾಡ ಕಣೇ” ಎಂದಳು.

“ಏಳಲೇಬೇಕು ಕಣಮ್ಮ” ಎಂದಳು ಕದಿರಮ್ಮ. ಮೊಟ್ಟೆಯನ್ನು ಬಟ್ಟೆಯ ಗಂಟಿನೊಳಗೆ ಇಟ್ಟಳು. ಕೋಳಿಚೀಲವನ್ನು ಕಿಟಕಿಯ ಪಕ್ಕ ಭದ್ರವಾಗಿ ಕೂರಿಸಿದಳು. ಟಿಕೆಟ್ಟನ್ನು ಚೀಲದ ಹಿಡಿಗೆ ಸಿಕ್ಕಿಸಿದಳು. ಮೇಷ್ಟರ ಕಡೆ ತಿರುಗಿ, “ಸ್ವಾಮಿ, ಮಕ್ಕಳ್ನ ನೋಡ್ಕಳಿ” ಎಂದು ಜನರನ್ನು ಸರಿಸಿಕೊಂಡು ಇಳಿದು, ಹೊಟ್ಟೆ ಹಿಡಿದು ಓಡಿದಳು.

ಶೌಚಾಲಯದ ಮುಂದೆ ಸಾಲಿತ್ತು. ಸಾಲಿನವರು ಅವಳ ಮುಖ ನೋಡಿ ಮುಂದೆ ಬಿಟ್ಟರು. ಹೊರಬಂದಾಗ ಬಸ್ಸು ಹಾರನ್ನು ಹೊಡೆಯುತ್ತಿತ್ತು.

ಹತ್ತಿ ನೋಡಿದಳು. ವೆಂಕಟರಾಮಪ್ಪ ಕೂತಿದ್ದ.

ಕೋಳಿಗಳನ್ನು ಅವನು ಎತ್ತಿರಲಿಲ್ಲ. ಅವು ಕಿಟಕಿಯ ಪಕ್ಕದಲ್ಲಿ ಹಾಗೇ ಇದ್ದವು. ಅವುಗಳ ಪಕ್ಕದಲ್ಲೇ, ಟವೆಲ್ಲಿನ ಉಳಿದ ಅರ್ಧದ ಮೇಲೆ ಕಾಲು ಚಾಚಿ ಕೂತಿದ್ದ. ಚೀಲ ವಾಲದಂತೆ ಒಂದು ಕೈ ಅದರ ಮೇಲೆ ಇಟ್ಟಿದ್ದ. ಕರಿಕೋಳಿ ಅವನ ಅಂಗಿಯ ಗುಂಡಿಯನ್ನು ಕುಕ್ಕಿ ನೋಡುತ್ತಿತ್ತು. ಅವನು ಅದನ್ನು ತಳ್ಳಲಿಲ್ಲ.

ಕದಿರಮ್ಮ ನೋಡುತ್ತ ನಿಂತಳು. ಬೆಳಗಿನಿಂದ ಬಾರದ ಸಿಟ್ಟು ಈಗ ಬಂತು. ಬುಡದಿಂದ ಬಂತು. ಕೋಳಿಯ ಪಕ್ಕ ಕೂರಬಹುದು. ಅದರ ಹಿಕ್ಕೆಯ ಪಕ್ಕ ಕೂರಬಹುದು. ಅದು ಮುಟ್ಟಿದರೆ ಏನೂ ಆಗುವುದಿಲ್ಲ. ಇಬ್ಬರು ಕೂರುವ ಸೀಟು ಬೆಳಗಿನಿಂದಲೂ ಇಬ್ಬರು ಕೂರುವ ಸೀಟೇ ಆಗಿತ್ತು.

“ಕಾಲು ತೆಗೀರಿ” ಎಂದಳು.

ಅವನು ಕೇಳಿಸದವನಂತೆ ಎದುರಿಗೆ ನೋಡಿದ.

“ಮೇಷ್ಟ್ರೇ, ಮಕ್ಕಳ್ನ ನೋಡ್ಕಳಿ ಅಂದಿದ್ನಲ್ಲ.”

“ನಾನು ಹೇಳಿದೆನಮ್ಮ…” ಎಂದರು ಮೇಷ್ಟರು. ಕೈಯ ಮೇಲೆ ಬರೆದುಕೊಂಡಿದ್ದ ಬಸ್ಸಿನ ನಂಬರನ್ನು ಉಜ್ಜುತ್ತಿದ್ದರು.

ಕದಿರಮ್ಮ ಮತ್ತೆ ಕೇಳಲಿಲ್ಲ. ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದಳು. ಅವನ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವಿನ ಸಂದಿನಲ್ಲಿ ಒಳಗೆ ನುಗ್ಗಿದಳು. ಅವಳ ಸೀರೆ ಅವನ ಪಂಚೆಗೆ ತಗಲಿತು. ಮೊಣಕಾಲು ಮೊಣಕಾಲಿಗೆ ಬಡಿಯಿತು. ಅವಳು ಕೋಳಿಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಭುಜಕ್ಕೆ ಭುಜ ಒತ್ತಿತು. ಆ ಸೀಟಿನ ಅಗಲವೇ ಅಷ್ಟು.

ವೆಂಕಟರಾಮಪ್ಪ ಕೆಂಡ ತಗಲಿದವನ ಹಾಗೆ ಎದ್ದು ನಿಂತ.

“ಯಾಕೆ ಎದ್ರಿ? ಕೂತ್ಕಳಿ” ಎಂದಳು ಕದಿರಮ್ಮ. ಗೇಲಿ ಮಾಡಲಿಲ್ಲ. ನೋಡಿದರೆ ಯಾರಿಗೂ ಕಾಣುವ ಮಾತನ್ನೇ ಹೇಳಿದಳು. “ಜಾಗ ಐತೆ.”

ಅವನು ಕೂರಲಿಲ್ಲ. ಕಂಬಿ ಹಿಡಿದ. ಬಸ್ಸು ಹೊರಟಿತು.

ಚಿಂತಾಮಣಿಯಲ್ಲಿ ಬಹಳ ಜನ ಹತ್ತಿದ್ದರು. ಕದಿರಮ್ಮನ ಪಕ್ಕದ ಅರ್ಧ ಸೀಟು ಖಾಲಿಯೇ ಇತ್ತು. ಬಿಳಿ ಪಂಚೆಯವನ ಮುಖ ನೋಡಿ ಯಾರೂ ಕೂರಲಿಲ್ಲ. ಕಡೆಗೆ ಕಂಕುಳಲ್ಲಿ ಕೂಸು ಹೊತ್ತ ಒಬ್ಬಳು ಜನರನ್ನು ಸೀಳಿಕೊಂಡು ಬಂದಳು. ಅವಳಿಗೆ ಯಾರ ಮುಖ ನೋಡುವ ಪುರುಸೊತ್ತೂ ಇರಲಿಲ್ಲ.

“ಯಾರ್ದಮ್ಮ ಈ ಟವೆಲ್ಲು?”

ಕದಿರಮ್ಮ ಅದನ್ನು ಕೈಯಲ್ಲಿ ಎತ್ತಿಕೊಂಡಳು. ದಂಟಿನ ತುದಿಯಿಂದಲ್ಲ. ಒಂದು ಸಲ ಕೊಡವಿ, ಮಡಚಿ, ವೆಂಕಟರಾಮಪ್ಪನ ಕಡೆ ಚಾಚಿದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳು ಮುಟ್ಟಿದ ಟವೆಲ್ಲು. ಕೋಳಿ ಕೂತ ಟವೆಲ್ಲಾದರೆ ಒಗೆದರೆ ಹೋಗುತ್ತಿತ್ತು.

ಒಂದಷ್ಟು ಹೊತ್ತು ಟವೆಲ್ಲು ಇಬ್ಬರ ನಡುವೆ ಹಾಗೇ ಇತ್ತು. ಚಾಚಿದ ಕೈ ನೋಯತೊಡಗಿತು.

“ಯಾರ್ದೂ ಅಲ್ಲವ್ವ. ಟಿಕೆಟ್ ಇಲ್ಲದ್ದು” ಎಂದಳು ಆ ಹೆಂಗಸಿಗೆ. “ನೀನು ಕೂತ್ಕ.”

ಟವೆಲ್ಲನ್ನು ಕೋಳಿಗಳ ಕಾಲ ಕೆಳಗೆ, ಚೀಲದ ತಳಕ್ಕೆ ತುರುಕಿದಳು. ಕೆಂಚುಕೋಳಿ ಅದರ ಮೇಲೆ ಕೂತು ಕಣ್ಣು ಮುಚ್ಚಿತು. ಕದಿರಮ್ಮ ಮಲ್ಲಿಗೆಯನ್ನು ಮುಡಿದುಕೊಂಡಳು. ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿದಳು. ಕೂಸು ಅವಳ ಕೈಯ ಬಳೆ ಹಿಡಿದು ಎಳೆಯಿತು.

ಶ್ರೀನಿವಾಸಪುರದ ಮಾವಿನ ತೋಪುಗಳು ಕಿಟಕಿಯಾಚೆ ಬಂದು ಹೋದವು. ತನಗೆ ನಾಳೆಯಿಂದ ಆ ಹೊಲದಲ್ಲಿ ಕೆಲಸವಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಾಳೆ ಆ ಕಲ್ಲಿನ ಮೇಲೂ ಏನೂ ಇರುವುದಿಲ್ಲ ಎಂದೂ ಗೊತ್ತಿತ್ತು. ಅಮ್ಮಾಜಮ್ಮ ಬದುವಿನ ಕಡೆ ತಿರುಗಿ, ಅಪ್ಪಣೆ ಕೇಳಲು ಬಾಯಿ ತೆರೆದು, ಬರಿಯ ಕಲ್ಲು ನೋಡಿ, ಏನು ಮಾಡುತ್ತಾಳೋ ಎಂದು ಯೋಚಿಸಿದಳು. ಮೊದಲು ಸೊಂಟ ನೆಟ್ಟಗೆ ಮಾಡುತ್ತಾಳೋ, ನೀರು ಕುಡಿಯುತ್ತಾಳೋ.

ಬಸ್ಸು ಮುಳಬಾಗಿಲು ಮುಟ್ಟುವವರೆಗೂ ವೆಂಕಟರಾಮಪ್ಪ ನಿಂತೇ ಇದ್ದ.